ಮಾತ್ರೆಯಿಲ್ಲದ ಚೀಸು

ಬೆಳಗಿನ ಜಾವ ಮೂರು. ಸೆತೂಬಾಲಿನ ಈ ಓಣಿಯಲ್ಲಿ
ಎಚ್ಚರವಿರುವವರು ಮೂವರೇ:
ನಾನು, ನನ್ನ ಒಲೆ,
ನೀರಿನ ಬೋಗುಣಿಗೆ ಮೂತಿಯಿಟ್ಟ ಬೊಲೋತಾ.

ಲಪ್ ಲಪ್ ಲಪ್.
ಸಾದೂ ನದಿಯನ್ನೇ ಕುಡಿದು ಮುಗಿಸುತ್ತೇನೆಂದು
ಪಂಥ ಕಟ್ಟಿದವಳ ಹಾಗೆ.
ಮೊದಲ ವಾರ ಈ ಸದ್ದಿಗೇ ಹೆದರಿ
ಬೋಗುಣಿ ಎತ್ತಿಟ್ಟಿದ್ದೆ.
ಡಾಕ್ಟರ್ ವಿಲ್ಯೇನಾ ಫೋನಿನಲ್ಲೇ ಗದರಿದರು:
ಆ ಬಾಯಾರಿಕೆ ಮಾತ್ರೆಯದು ದಿಯೊಲಿಂಡಾ, ಚಟವಲ್ಲ.
ನೀರಿಡು. ಹಿತ್ತಿಲ ಬಾಗಿಲು ತೆಗೆದಿಡು. ನೆಲ ಒರೆಸು.

ಒರೆಸಿದೆ. ಹಿಟ್ಟು ಚೆಲ್ಲಿದ ನೆಲ, ಉಚ್ಚೆ ಹೊಯ್ದ ನೆಲ.
(ಒಂದೇ ಬಟ್ಟೆಯಲ್ಲಲ್ಲ, ಗಿರಾಕಿಗಳು ಗಾಬರಿಯಾಗಬೇಡಿ.)

ಜನವರಿಯಲ್ಲಿ ಅವಳ ಮೈ
ಅವಳ ರಕ್ತವನ್ನೇ ತಿನ್ನತೊಡಗಿತ್ತು.
ವಸಡು ನಾದಿಟ್ಟ ಮೈದಾದಷ್ಟು ಬಿಳಿ.
ಕುಡಿದ ಕಾವಲುಗಾರ ಮನೆಯವರನ್ನೇ
ಕಳ್ಳರೆಂದು ಬಡಿಯುತ್ತಾನಲ್ಲ, ಹಾಗಂತೆ.
ಅವನನ್ನು ಮಲಗಿಸಲು ಈ ಪುಟ್ಟ ಮಾತ್ರೆ,
ಬೆಳಿಗ್ಗೆ, ಹೊಟ್ಟೆಗೆ ಬಿದ್ದ ಮೇಲೆ,
ಆಡಿನ ಚೀಸಿನ ಉಂಡೆಯೊಳಗೆ ಹುದುಗಿಸಿ.

ಕಾವಲುಗಾರ ಮಲಗಿದ. ಹಸಿವು ಎದ್ದಿತು.
ಹನ್ನೆರಡು ಬನ್ನು, ಒಂದು ಒಲೆಬಟ್ಟೆ,
ಪಾದ್ರಿಗಳಿಗೆಂದು ತೆಗೆದಿಟ್ಟ ಬಾದಾಮಿ ಕೇಕಿನ ಮುಕ್ಕಾಲು.
ಬೆನ್ನೆಲುಬು ಒಣಗಿ, ಹೊಟ್ಟೆ ಮಾತ್ರ
ಹುದುಗು ಬಂದ ಕಣಕದ ಹಾಗೆ ಜೋತಿತು.

ಮೇ ತಿಂಗಳಲ್ಲಿ ಬಾಲ ನೆಟ್ಟಗಾಯಿತು.
ಬೆಕ್ಕಟ್ಟಿಕೊಂಡು ದಕ್ಕೆಯವರೆಗೂ ಓಡಿದಳು.
ಗಂಡ ಅದೆರಿತೊ ಡಬ್ಬಿ ಅಲ್ಲಾಡಿಸಿ ನೋಡಿ,
ವಾಸಿಯಾಯಿತಲ್ಲ, ಇನ್ನೇಕೆ ಈ ವಿಷ, ಎಸೆ ಅಂದ.
ನನಗೂ ಹಾಗೇ ಅನಿಸಿತ್ತು. ಸುಳ್ಳೇಕೆ ಹೇಳಲಿ,
ಕಸದ ಬುಟ್ಟಿಯವರೆಗೆ ಹೋಗಿದ್ದೆ.

ವಿಲ್ಯೇನಾ ಕೇಳಿದರು: ನೀನು ರೊಟ್ಟಿ ಮಾಡುವವಳು,
ಅಂಗಡಿಯ ಈಸ್ಟ್ ತಂದು ಐದು ತಿಂಗಳಾಯಿತು ಅಂದುಕೋ.
ನಿನ್ನಜ್ಜಿ ಕೊಟ್ಟ ಹುಳಿಹಿಟ್ಟಿನ ಭರಣಿ
ಆಗ ಎಲ್ಲಿರುತ್ತೆ?
ಮೂಲೆಯಲ್ಲಿ, ಅಂದೆ. ನಿದ್ದೆಯಲ್ಲಿ.
ಈಸ್ಟ್ ಇವತ್ತೇ ನಿಲ್ಲಿಸಿದರೆ
ನಾಳೆಯ ರೊಟ್ಟಿ ಯಾರು ಉಬ್ಬಿಸುತ್ತಾರೆ?

ನಾನು ಮಾತಾಡಲಿಲ್ಲ.
ಅವಳ ಮೂತ್ರಪಿಂಡಗಳ ಪಕ್ಕದಲ್ಲಿ
ಕಾಳಿನಷ್ಟು ಪುಟ್ಟ ಗ್ರಂಥಿಗಳೆರಡು
ತಮ್ಮ ಕಸುಬು ಮರೆತು ಮಲಗಿವೆಯಂತೆ.
ದಡಕ್ಕನೆ ಬಿಟ್ಟರೆ ನಾಯಿ ಕುಸಿಯುತ್ತದಂತೆ.
ಚೂರು ಚೂರೇ ಇಳಿಸಬೇಕು,
ಇಳಿಸುವ ಲೆಕ್ಕ ನನ್ನದು, ನಿನ್ನದಲ್ಲ,
ನಡುನಡುವೆ ರಕ್ತ ನೋಡಿ ಹೇಳುತ್ತೇನೆ ಅಂದರು.

ಅಂದಿನಿಂದ ಹಿಟ್ಟಿನ ಚೀಲದ ಮೇಲೆ ಇದ್ದಿಲ ಗೆರೆ.
ಒಂದು. ಮುಕ್ಕಾಲು. ಅರ್ಧ.
ಸಾರ್ಡೀನ್ ಸುಡುವ ಹಬ್ಬದ ದಿನ
ಒಂದು ಗೆರೆ ಬೀಳಲಿಲ್ಲ. ಮರೆತಿದ್ದೆ.
ಮರುದಿನ ಎರಡು ಸೇರಿಸಿ ನುಂಗಿಸಲು ಹೊರಟ ಕೈ
ಏನೋ ನೆನಪಾಗಿ ಫೋನಿನತ್ತ ತಿರುಗಿತು.
ಬೇಡ, ಅಂದರು. ಅಷ್ಟೇ. ಬೈಯಲಿಲ್ಲ.

ಆಮೇಲೆ ನಾದಿನಿ ಜುಲ್ಮೀರಾ.
ದಕ್ಕೆಯಿಂದ ಹಾರಿ ಬೊಲೋತಾ ಕುಂಟುತ್ತಿದ್ದಳು.
ಪಾಪ, ಮಂಡಿನೋವಿಗೆ ತಾನು ನುಂಗುವ ಗುಳಿಗೆಯನ್ನೇ
ಬೆಣ್ಣೆ ಸವರಿ ತಂದಿದ್ದಳು. ಒಳ್ಳೆಯ ಮನಸ್ಸು,
ಅದಕ್ಕೇ ಅವಳ ಮಣಿಕಟ್ಟು ಹಿಡಿಯುವುದು ಕಷ್ಟವಾಯಿತು.
ಹಿಡಿದೆ. ನಾಯಿ ಆಗಲೇ ನಾಲಿಗೆ ಚಾಚಿತ್ತು.
ಮನುಷ್ಯರ ಗುಳಿಗೆ ನಾಯಿಗೆ ಬೇಡ ಅಂದೆ,
ಅದೂ ಇದೂ ಕೂಡಿದರಂತೂ ಹೊಟ್ಟೆ ತೂತಾಗುತ್ತೆ ಅಕ್ಕಾ,
ಕಕ್ಕ ಕಪ್ಪಗೆ ಟಾರಿನ ಹಾಗೆ ಬರುತ್ತೆ.
ಹಾಗಾದರೆ ನಾನೇನು ವಿಷವಿಕ್ಕುವವಳೇ, ಅಂದು ಹೋದಳು.
ನಾಲ್ಕು ದಿನ ರೊಟ್ಟಿಗೂ ಬರಲಿಲ್ಲ.
ಐದನೆಯ ದಿನ ಬಂದಳು, ಮುಖ ಗಂಟು,
ಕೈಯಲ್ಲಿ ಬೇಯಿಸಿದ ಕೋಳಿ.
ಉಪ್ಪು ಹಾಕಿಲ್ಲ, ಡಾಕ್ಟರನ್ನೇ ಕೇಳಿದೆ, ಅಂದಳು.

ಈಗ ಒಂದು ದಿನ ಅರ್ಧ, ಒಂದು ದಿನ ಇಲ್ಲ.
ಇವತ್ತು ಇಲ್ಲ.
ಆದರೂ ಚೀಸಿನ ಉಂಡೆ ಕಟ್ಟಿ ಕೊಡುತ್ತೇನೆ,
ಅಭ್ಯಾಸ, ಅವಳದೋ ನನ್ನದೋ.

ಅಗಿಯುತ್ತಾಳೆ. ನಿಲ್ಲಿಸುತ್ತಾಳೆ.
ನಾಲಿಗೆಯಿಂದ ಒಳಗೆಲ್ಲ ತಡಕಾಡಿ
ಅಳತೆಯಲ್ಲಿ ಮೋಸ ಹೋದ ಗಿರಾಕಿಯಂತೆ
ನನ್ನನ್ನೇ ದಿಟ್ಟಿಸುತ್ತಾಳೆ.

ತುಟಿ ಎತ್ತಿ ನೋಡುತ್ತೇನೆ, ವಸಡು ಗುಲಾಬಿ.
ಸಡಿಲು ಹೊಟ್ಟೆ ಇನ್ನೂ ಇದೆ. ಇರಲಿ.

ಯಾರೋ ಕದ ಬಡಿದರು. ಮೀನುಗಾರರಿರಬೇಕು.
ರೊಟ್ಟಿ ಇನ್ನೂ ಆಗಿಲ್ಲ ಎಂದು ಕೂಗಿದೆ.